ಅರ್ಧ ಹೊಡೆದ ರೋಲ್ ತೆಗೆದು ಮತ್ತೆ ಹಾಕಿದ್ದು

ನನ್ನದು ಹಳೇ ಫಿಲ್ಮ್ ಕ್ಯಾಮೆರಾ, ಪೆಂಟ್ಯಾಕ್ಸ್ ಕೆ1000. ಫೋಟೊ ಸ್ಟುಡಿಯೊ ಇಟ್ಟಿದ್ದ ಕಾಕಾ ಕೊಟ್ಟದ್ದು. ಅವತ್ತು ಅದರಲ್ಲಿ ಕೊಡಾಕ್ ಗೋಲ್ಡ್ 200 ಅನ್ನುವ 36 ಫ್ರೇಮಿನ ಕಲರ್ ರೋಲ್ ಇತ್ತು. ಗೋಳಗುಮ್ಮಟದ ಹೊರಗೆ ಬಿಸಿಲಲ್ಲಿ 14 ಫೋಟೊ ಹೊಡೆದಿದ್ದೆ. ಒಳಗೆ ಹೋದರೆ ಕತ್ತಲು. ಲೆನ್ಸ್ ಪೂರ್ತಿ ತೆರೆದರೂ ಬೆಳಕು ಅಳೆಯುವ ಮೀಟರ್ 1/8 ಸೆಕೆಂಡ್ ಕೇಳುತ್ತಿತ್ತು. ಕೈಯಲ್ಲಿ ಹಿಡಿದು ಹೊಡೆದರೆ ಅಲುಗಾಡಿದ ಚಿತ್ರವೇ ಗತಿ. ಚೀಲದಲ್ಲಿ ಇಲ್ಫರ್ಡ್ ಎಚ್‌ಪಿ5 ಅನ್ನುವ ಕಪ್ಪು-ಬಿಳುಪು ರೋಲ್ ಇತ್ತು. ರೋಲಿನ ನಂಬರ್ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಅದು 400ರ ರೋಲ್, ಆದರೆ 1600 ಅಂತ ಹೊಡೆದು, ಜಾಸ್ತಿ ಹೊತ್ತು ತೊಳೆಸಿದರೆ ನಡೆಯುತ್ತದೆ. 1/8 ಇದ್ದದ್ದು 1/60ಕ್ಕೆ ಬರುತ್ತದೆ. ಹಾಗಂತ 22 ಫ್ರೇಮ್ ಉಳಿದಿರುವ ಕಲರ್ ರೋಲನ್ನು ಬಿಸಾಡಲು ಮನಸ್ಸು ಬರುತ್ತದೆಯೇ?

ಇದಕ್ಕೆ ಕಾಕಾ ಹೇಳಿಕೊಟ್ಟ ದಾರಿ ಇದೆ. ಕ್ಯಾಮೆರಾದ ತಳದ ಗುಂಡಿ ಒತ್ತಿ, ಮೇಲಿನ ಹಿಡಿಕೆ ನಿಧಾನ ತಿರುಗಿಸಿ ಫಿಲ್ಮನ್ನು ಅದರ ಡಬ್ಬಿಗೆ ವಾಪಸ್ ಸುತ್ತಬೇಕು. ಕೊನೆಗೆ ಫಿಲ್ಮಿನ ನಾಲಿಗೆ, ಅಂದರೆ ಅದರ ಮೊದಲ ತುದಿ, ಆಚೆ ಸುರುಳಿಯಿಂದ ಬಿಡಿಸಿಕೊಳ್ಳುವಾಗ ಸಣ್ಣಗೆ 'ಟಕ್' ಅನ್ನುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಇನ್ನೆರಡು ಸುತ್ತು ಹಾಕಿದರೆ ನಾಲಿಗೆ ಡಬ್ಬಿಯೊಳಗೆ ಹೋಗುತ್ತದೆ, ಮತ್ತೆ ಹಾಕಲು ಹಿಡಿಯೋಕೆ ತುದಿಯೇ ಇರುವುದಿಲ್ಲ.

ನಾನು ಈ 'ಟಕ್' ಕೇಳಲು ಕೂತದ್ದು ಎಲ್ಲಿ ಗೊತ್ತಾ? ಮಿನಾರಿನ ಮೆಟ್ಟಿಲು ಹತ್ತಿ, ಪಿಸುಮಾತಿನ ಗ್ಯಾಲರಿಯಲ್ಲಿ! ಶಾಲೆ ಮಕ್ಕಳು ಟ್ರಿಪ್ ಬಂದಿದ್ದರು. ಒಬ್ಬ ಕೂಗಿದರೆ ಏಳು ಸಲ ಕೇಳುತ್ತದೆ ಅನ್ನುತ್ತಾರಲ್ಲ, ಅಲ್ಲಿ ಐವತ್ತು ಮಕ್ಕಳು. ನನ್ನ 'ಟಕ್' ಯಾರಿಗೆ ಕೇಳಬೇಕು? ನಾಲಿಗೆ ಒಳಗೆ ಹೋಯಿತು.

"ಕಿವಿ ಯಾಕ ನಂಬಿದಿಪಾ? ಬೆರಳಿಗೆ ತಿಳೀತದ," ಅಂದರು ಕಾಕಾ ಸಂಜೆ. ಹೌದು. ಈಗ ನಾನು ಗಮನ ಕೊಡುವುದು ಬೆರಳಿಗೆ. ತಿರುಗಿಸುವಾಗ ಒಂದೇ ಸಮ ಬಿಗಿ ಇರುತ್ತದೆ. ಕೊನೆಯಲ್ಲಿ ಒಂದು ಕ್ಷಣ ಇನ್ನಷ್ಟು ಬಿಗಿಯಾಗಿ, ತಟ್ಟನೆ ಸಡಿಲ. ಬಾವಿಯ ಹಗ್ಗದಿಂದ ಕೊಡ ಕಳಚಿದ ಹಾಗೆ.

ಒಳಗೆ ಹೋದ ನಾಲಿಗೆಯನ್ನು ಕಾಕಾ ಹೊರಗೆ ತೆಗೆದರು. ಹಳೇ ನೆಗೆಟಿವ್ ತುಂಡಿನ ತುದಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಡಬ್ಬಿಯ ಬಾಯಿಗೆ ತೂರಿಸಿ, ಸ್ವಲ್ಪ ಸುತ್ತಿ ಎಳೆದರು. ಮೂರನೇ ಸಲಕ್ಕೆ ಬಂತು.

ನಾಲಿಗೆಯ ಮೇಲೆ ಪೆನ್ನಿನಿಂದ '14 ಆಗಿದೆ' ಅಂತ ಬರೆಯಲೇಬೇಕು. ಅದು ಹೇಗೂ ಬೆಳಕು ಕಂಡ ಭಾಗ, ಬರೆದರೆ ನಷ್ಟವಿಲ್ಲ. ಬರೆಯದಿದ್ದರೆ ಹೊಸ ರೋಲ್ ಅಂದುಕೊಂಡು ಮೊದಲಿಂದ ಹೊಡೆದುಬಿಡುತ್ತೀರಿ.

ಮತ್ತೆ ಹಾಕುವಾಗ ಎಂದಿನಂತೆ ಲೋಡ್ ಮಾಡಿ, ಎಣಿಕೆ 1ಕ್ಕೆ ತರುತ್ತೇನೆ. ಆಮೇಲೆ ಬೆಳಕು ಒಳಗೆ ಹೋಗದ ಹಾಗೆ ಲೆನ್ಸಿಗೆ ಮುಚ್ಚಳ, ಶಟರ್ 1/1000, ಅಪರ್ಚರ್ 22. ಮೇಲೊಂದು ಟವೆಲ್ಲನ್ನೂ ಹೊದಿಸುತ್ತೇನೆ, ಕಾಕಾ ನಗುತ್ತಾರೆ. ಸುಮ್ನೆ ಖಾಲಿ ಹೊಡೆಯುತ್ತಾ ಹೋಗುವುದು. ಪ್ರತಿ ಸಲ ಫಿಲ್ಮ್ ಎಳೆದಾಗ ಎಡಗಡೆಯ ಹಿಡಿಕೆ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ, ನಿಮ್ಮ ಎಣಿಕೆಯೆಲ್ಲ ಸುಳ್ಳು.

15ಕ್ಕೆ ನಿಲ್ಲಿಸಬೇಡಿ, ಅದನ್ನೂ ಖಾಲಿ ಹೊಡೆದು 16ಕ್ಕೆ ಬನ್ನಿ. ನಾಲಿಗೆ ಮೊದಲಿನ ಜಾಗದಲ್ಲೇ ಕೂರುವುದಿಲ್ಲ, ಒಂದೆರಡು ಹಲ್ಲು ಆಚೀಚೆ ಆಗುತ್ತದೆ. ಒಂದು ಫ್ರೇಮಿಗೆ ಹೋಗುವುದು 38 ಮಿಲಿಮೀಟರ್ ಫಿಲ್ಮ್, ಅಷ್ಟು ಬಿಟ್ಟುಕೊಡಿ. ನಾನು ಜಿಪುಣತನ ಮಾಡಿ 15ರಿಂದಲೇ ಶುರು ಮಾಡಿದೆ. ಸಿದ್ಧೇಶ್ವರ ಜಾತ್ರೆಯಲ್ಲಿ ಒಂದು ಬಿಳಿ ಎತ್ತು ಹೊಡೆದಿದ್ದೆ. ನೆಗೆಟಿವ್ ಬಂದಾಗ ನೋಡಿದರೆ, ಎತ್ತಿನ ಎರಡು ಕೊಂಬುಗಳ ನಡುವೆ ಗೋಳಗುಮ್ಮಟದ ಅರ್ಧ ಗುಮ್ಮಟ ಕೂತಿತ್ತು.

ಕಾಕಾ ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ.