ಅಜ್ಜಿಯ ಹೆಸರು ಸಿಗ್ತಿಲ್ವಾ? ತವರೂರು ಹಿಡಿಯಿರಿ

ನಮ್ಮ ಮುತ್ತಜ್ಜಿ ಆಲೂರು ಕಡೆಯ ನಮ್ಮೂರಿಗೆಲ್ಲ ಲಚ್ಚಕ್ಕ. ಪಾಲುಪತ್ರದಲ್ಲಿ ಲಕ್ಷ್ಮಮ್ಮ. ತವರಿನವರ ಬಾಯಲ್ಲಿ ಪುಟ್ಟಲಕ್ಕಮ್ಮ. ವಂಶವೃಕ್ಷ ಬರೆಯೋಕೆ ಹೆಸರೊಂದನ್ನೇ ನಂಬಿ ಹೊರಟರೆ ಮೂರು ಜನ ಹೆಂಗಸರು ಸಿಗುತ್ತಾರೆ! ಅದಕ್ಕೇ ಹೇಳೋದು, ಮೊದಲು ಅವಳ ಊರು, ಗಂಡ, ಜಮೀನು ಹಿಡಿಯಿರಿ. ಹೆಸರು ಆಮೇಲೆ.

ಮನೆಯ ಹಿರಿಯರನ್ನು "ಅಜ್ಜಿ ಹೆಸರೇನು?" ಅಂತ ಕೇಳಬೇಡಿ. "ಅಜ್ಜಿ ಅಂತಲೇ ಕರೀತಿದ್ವಿ" ಅನ್ನುತ್ತಾರೆ, ಅಷ್ಟೇ. ತವರು ಯಾವೂರು, ಅವರ ಮನೆದೇವರು ಯಾವುದು, ಬಾಣಂತನ ಎಲ್ಲಾಯ್ತು ಅಂತ ಕೇಳಿ ನೋಡಿ, ಕಥೆ ತಾನಾಗೇ ಬಿಚ್ಚಿಕೊಳ್ಳುತ್ತದೆ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳದ ಕಾಲ ಅದು. ಮೊಮ್ಮಗಳಿಗೆ ಅಜ್ಜಿಯ ಹೆಸರೇ ಇಟ್ಟಿದ್ದರೂ ಕರೆಯೋದು ಅಮ್ಮಣ್ಣಿ ಅಂತ. ಆ ಮೊಮ್ಮಗಳ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜಿಯ ನಿಜವಾದ ಹೆಸರು ಕೂತಿರಬಹುದು.

ಈರಮ್ಮ ವೀರಮ್ಮ ಆಗಿರುತ್ತಾಳೆ, ದ್ಯಾವಮ್ಮ ದೇವಮ್ಮ, ಪಾರೋತಮ್ಮ ಪಾರ್ವತಮ್ಮ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ, ಯಾವುದು ಎಲ್ಲಿ ಸಿಕ್ಕಿತು ಅನ್ನೋದನ್ನೂ.

ಇನ್ನು ಕಾಗದಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್ 1 ಹೆಸರಿನದು, ಇಂಡೆಕ್ಸ್ 2 ಆಸ್ತಿಯದು. ನಮಗೆ ಬೇಕಾದದ್ದು ಎರಡನೆಯದು. ಊರು, ಸರ್ವೆ ನಂಬರ್ ಕೊಟ್ಟರೆ ಹೆಸರು ಹೇಗೇ ಬರೆದಿರಲಿ, ಪತ್ರ ಸಿಗುತ್ತದೆ. ತವರು ಚಿಕ್ಕಮಗಳೂರು ಕಡೆಯಾದರೆ 1947ಕ್ಕಿಂತ ಹಿಂದಿನ ಕಾಗದಗಳಲ್ಲಿ ಜಿಲ್ಲೆಯ ಹೆಸರು ಕಡೂರು ಅಂತಿರುತ್ತದೆ, ನೆನಪಿರಲಿ.

1933ರ ನಂತರದ ಪಾಲುಪತ್ರಗಳನ್ನು ಬಿಡಲೇಬೇಡಿ. ಆ ವರ್ಷ ಮೈಸೂರು ಸಂಸ್ಥಾನದ ಕಾನೂನು ಹಿಂದೂ ಕುಟುಂಬದ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲಿನಲ್ಲಿ ಹಕ್ಕು ಕೊಟ್ಟಿತು. ಹಾಗಾಗಿ ಗಂಡಸರ ಹೆಸರಿನ ಮಧ್ಯೆ "ಲಕ್ಷ್ಮಮ್ಮ ಕೋಂ ಲೇಟ್ ನಂಜೇಗೌಡ" ಅಂತ ಒಂದು ಸಾಲು ಸಿಗಬಹುದು. ನಮಗೆ ಸಿಕ್ಕಿದ್ದೂ ಹಾಗೇ. ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ. ಕೊನೆಯಲ್ಲಿ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಬಿಕ್ಕಲಂ, ಅಂದರೆ ಪತ್ರ ಬರೆದುಕೊಟ್ಟವರ ಅಕ್ಷರ. ಲಚ್ಚಕ್ಕನನ್ನು ಲಕ್ಷ್ಮಮ್ಮ ಮಾಡಿದ್ದು ಆ ಬಿಕ್ಕಲಂನವರೇ ಇರಬೇಕು. ಅವಳಿಗೆ ಓದು ಬರಹ ಎಲ್ಲಿತ್ತು?

ಗಂಡನ ಹೆಸರು ಹೊಂದಿತು ಅಂತ ತಕ್ಷಣ ಒಪ್ಪಿಬಿಡಬೇಡಿ. ಮೊದಲ ಹೆಂಡತಿ ತೀರಿಕೊಂಡರೆ ಅವಳ ತಂಗಿಯನ್ನೇ ತಂದುಕೊಳ್ಳುವುದು ನಮ್ಮ ಕಡೆ ಇತ್ತು. ಅಕ್ಕ ದೊಡ್ಡಲಕ್ಕಮ್ಮ, ತಂಗಿ ಪುಟ್ಟಲಕ್ಕಮ್ಮ, ತವರೂ ಒಂದೇ! ಇಂಥ ಕಡೆ ಮಕ್ಕಳ ವಯಸ್ಸು, ಪತ್ರದ ತಾರೀಖು ಜೋಡಿಸಿ ನೋಡಲೇಬೇಕು.

ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರು ನಿಮ್ಮೂರಿಗೆ ಈಗಲೂ ಬರುತ್ತಿದ್ದರೆ ಅದೃಷ್ಟ. ಅವರು ಗಂಡಸರ ಸಾಲನ್ನೇ ಹೇಳಿಕೊಂಡು ಹೋಗಬಹುದು. ನಡುವೆ ತಡೆದು "ಈ ಸೊಸೆ ಯಾವೂರಿಂದ ಬಂದಳು?" ಅಂತ ಕೇಳಿ. ತವರಿನ ಕಡೆ ಬೇರೆ ಹೆಳವರು ಇರಬಹುದು, ಅವರನ್ನೂ ವಿಚಾರಿಸಿ.