ಹಳೇ ಬಂಗಲೆಯ ಚೆಂಡು ಕೈಗೆ ಸಿಕ್ಕರೆ

ಫೌಲರ್ ಎಂಬ ಪ್ಲಾಂಟರ್ 1854ರಲ್ಲಿ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಕೊಡಗಿಗೆ ಬಿಳಿಯರು ಬಂದು ನೆಲೆಸತೊಡಗಿದರು. ಅವರ ಆಟಗಳೂ ಜೊತೆಗೇ ಬಂದವು. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಬಿಲಿಯರ್ಡ್ಸ್, ಹುಲ್ಲುಹಾಸಿನ ಮೇಲೆ ಮರದ ಸುತ್ತಿಗೆಯಿಂದ ಚೆಂಡು ಹೊಡೆದು ಕಮಾನು ದಾಟಿಸುವ ಕ್ರೋಕೆ, ಗುಂಡು ಉರುಳಿಸುವ ಬೌಲ್ಸ್. ಆ ಆಟಗಳ ಹಳೇ ಚೆಂಡುಗಳನ್ನು ಕೂಡಿಸುವ ಆಸೆ ನಿಮಗಿದ್ದರೆ, ಹಂಚು ತೆಗೆದು ಅಟ್ಟ ಖಾಲಿ ಮಾಡುತ್ತಿರುವ ಬಂಗಲೆಗಳ ಕಡೆ ಕಣ್ಣಿಡಿ. ತೋಟದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹಳೇ ರೈಟರನ್ನು ಮಾತನಾಡಿಸಿ. ಗುಜರಿ ಅಂಗಡಿ ಆಮೇಲೆ.

ಚೆಂಡು ಸಿಕ್ಕ ತಕ್ಷಣ ತೊಳೆಯಬೇಡಿ, ಪಾಲಿಶ್ ಅಂತೂ ಬೇಡವೇ ಬೇಡ. ಮೊದಲು ಅಳೆಯಿರಿ. ಸುತ್ತಲೂ ದಾರ ಹಿಡಿದು ನೋಡಿದಾಗ ಹದಿನಾರೂವರೆ ಸೆಂಟಿಮೀಟರ್ ಆಸುಪಾಸು ಬಂದರೆ ಅದು ಬಿಲಿಯರ್ಡ್ಸ್ ಅಥವಾ ಸ್ನೂಕರ್ ಚೆಂಡು. ಇಪ್ಪತ್ತೊಂಬತ್ತರ ಹತ್ತಿರ, ತೂಕ ಅರ್ಧ ಕಿಲೋಗೆ ತುಸು ಕಡಿಮೆ ಎಂದರೆ ಕ್ರೋಕೆ. ಒಂದು ಕಡೆಗೆ ಓಲಿಕೊಂಡು ಉರುಳುವ ಭಾರದ ಮರದ ಗುಂಡು ಬೌಲ್ಸ್‌ದು. ಲಿಗ್ನಂ ವೈಟೆ ಎಂಬ ಅದರ ಮರ ನೀರಲ್ಲಿ ಮುಳುಗುವಷ್ಟು ದಟ್ಟ. ಹಾಗೆಂದು ಬಕೆಟ್ಟಿಗೆ ಹಾಕಿ ಪರೀಕ್ಷಿಸಲು ಹೋಗಬೇಡಿ.

ಬಿಲಿಯರ್ಡ್ಸ್ ಚೆಂಡಿನ ವಿಷಯದಲ್ಲಿ ಅದು ಯಾವುದರಿಂದ ಮಾಡಿದ್ದು ಎಂಬುದೇ ಎಲ್ಲಕ್ಕಿಂತ ಮುಖ್ಯ. ಹಿಂದೆ ಅವನ್ನು ಆನೆದಂತದಿಂದ ಕಡೆಯುತ್ತಿದ್ದರು. ದಂತದ ಅಭಾವ ಬಂದಾಗ ಬದಲಿ ವಸ್ತು ಕಂಡುಹಿಡಿದವರಿಗೆ ಅಮೆರಿಕದ ಕಂಪನಿಯೊಂದು 10,000 ಡಾಲರ್ ಬಹುಮಾನ ಸಾರಿತ್ತು. ಜಾನ್ ವೆಸ್ಲಿ ಹಯಾಟ್ ಎಂಬ ಸಂಶೋಧಕ ಸೆಲ್ಯುಲಾಯ್ಡ್ ಎಂಬ ಆರಂಭದ ಕಾಲದ ಪ್ಲಾಸ್ಟಿಕ್ ತಯಾರಿಸಿದ್ದು ಆ ಹುಡುಕಾಟದಲ್ಲೇ. 20ನೇ ಶತಮಾನದಲ್ಲಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನಿಧಾನಕ್ಕೆ ತಿರುಗಿಸಿ. ಎದುರುಬದುರು ಎರಡು ತುದಿಗಳಲ್ಲಿ ಸಣ್ಣ ಕಪ್ಪು ಚುಕ್ಕೆ, ಅದರ ಸುತ್ತ ಒಂದನ್ನೊಂದು ಕತ್ತರಿಸುವ ನವಿರು ಬಾಗುಗೆರೆ ಕಂಡರೆ ದಂತ. ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಕಾದ ಸೂಜಿ ಚುಚ್ಚಿ ನೋಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ದಂತ ಎಂಬ ಅನುಮಾನ ಬಂದರೂ ಸಾಕು, ಕೊಳ್ಳಬೇಡಿ. ನೂರು ವರ್ಷ ಹಳೆಯದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಅಜ್ಜನ ಕಾಲದಿಂದ ಮನೆಯಲ್ಲೇ ಇದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಆನೆಗಳ ನಡುವೆಯೇ ಬದುಕುವ ನಾವು ಈ ವಿಷಯದಲ್ಲಿ ಸಡಿಲ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮರ, ಸೆಲ್ಯುಲಾಯ್ಡ್, ಬೇಕಲೈಟ್ ಚೆಂಡುಗಳಲ್ಲೇ ಒಳ್ಳೆಯ ಸಂಗ್ರಹ ಕಟ್ಟಬಹುದು.

ಇನ್ನು ಮಳೆಗಾಲ. ನಮ್ಮಲ್ಲಿ ಥಂಡಿ ಹಿಡಿದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ರೂಢಿ. ಚೆಂಡುಗಳಿಗೆ ಅದು ಆಗದು. ಮರ ಬಿರಿಯುತ್ತದೆ, ಸೆಲ್ಯುಲಾಯ್ಡ್ ಇದ್ದರೆ ಅಪಾಯ. ಪ್ಲಾಸ್ಟಿಕ್ ಚೀಲವೂ ಬೇಡ. ಹತ್ತಿಬಟ್ಟೆಯ ಚೀಲದಲ್ಲಿಟ್ಟು ಗಾಳಿಯಾಡುವ ಕಪಾಟಿನಲ್ಲಿಡಿ. ಸೆಲ್ಯುಲಾಯ್ಡ್ ಪ್ರತ್ಯೇಕವಾಗಿರಲಿ. ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿದರಾಯಿತು.

ಯಾವ ತೋಟದ ಬಂಗಲೆ, ಕೊಟ್ಟವರು ಯಾರು, ಯಾವ ವರ್ಷ ಎಂಬುದನ್ನು ಅಂದೇ ಪೆನ್ಸಿಲ್‌ನಲ್ಲಿ ಬರೆದಿಡಿ. ಚೀಟಿಯನ್ನು ಚೆಂಡಿಗೆ ಅಂಟಿಸಬೇಡಿ, ಕೀಳುವಾಗ ಬಣ್ಣವೂ ಎದ್ದುಬರುತ್ತದೆ. ಚೀಲದ ಬಾಯಿಗೆ ದಾರದಲ್ಲಿ ಕಟ್ಟಿ.