ಕೆಲಸ ಕೊಟ್ಟರೆ ಸಾಲದು, ತೀರ್ಮಾನವನ್ನೂ ಕೊಡಿ

'ನಾನಿಲ್ಲದಿದ್ದರೆ ಒಂದು ಕೆಲಸವೂ ಸರಿಯಾಗಿ ಆಗಲ್ಲ.' ಸಣ್ಣ ವ್ಯವಹಾರ ನಡೆಸುವವರ ಬಾಯಲ್ಲಿ ಈ ಮಾತು ಪದೇಪದೇ ಕೇಳಿಬರುತ್ತದೆ. ಹತ್ತಿರದಿಂದ ನೋಡಿದರೆ ಕಾರಣ ಹೆಚ್ಚಾಗಿ ಒಂದೇ. ಅವರು ಕೆಲಸ ಹಂಚಿರುತ್ತಾರೆ, ತೀರ್ಮಾನ ಮಾಡುವ ಅಧಿಕಾರ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಸಿಬ್ಬಂದಿ ಸಣ್ಣಪುಟ್ಟದಕ್ಕೂ ಮಾಲೀಕರ ಮುಖ ನೋಡುತ್ತಾರೆ. ಮಾಲೀಕರಿಗೆ ಹೊಸ ಗಿರಾಕಿ ಹುಡುಕಲು, ಬಾಕಿ ವಸೂಲಿ ಮಾಡಲು, ಮುಂದಿನ ವರ್ಷದ ಬಗ್ಗೆ ಯೋಚಿಸಲು ಪುರುಸೊತ್ತೇ ಸಿಗುವುದಿಲ್ಲ. ಕೈಕೆಳಗೆ ನಾಲ್ಕೈದು ಜನ ಇದ್ದರೂ ಸಾಕು, ಇದನ್ನು ಸರಿಮಾಡಬಹುದು. ಆದರೆ ಕ್ರಮವಾಗಿ ಮಾಡಬೇಕು.

1. ಪ್ರಶ್ನೆಗಳನ್ನು ಬರೆದಿಡಿ

ಒಂದು ವಾರ ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ಯಾರಾದರೂ ಬಂದು 'ಇದಕ್ಕೇನು ಮಾಡ್ಲಿ?' ಎಂದಾಗಲೆಲ್ಲ ಒಂದು ಸಾಲು ಬರೆಯಿರಿ, ಅಷ್ಟೇ.

2. ಒಂದೇ ಒಂದು ಕೆಲಸ ಆರಿಸಿ

ಪಟ್ಟಿಯಲ್ಲಿ ಜಾಸ್ತಿ ಸಲ ಬಂದಿರುವ, ತಪ್ಪಾದರೂ ತಿದ್ದಿಕೊಳ್ಳಬಹುದಾದ ಕೆಲಸದಿಂದ ಶುರು ಮಾಡಿ. ಮಾಲು ವಾಪಸ್ ತಗೊಳ್ಳುವುದು, ಸ್ಟಾಕ್ ಆರ್ಡರ್ ಮಾಡುವುದು, ಯಾರಿಗೆ ಯಾವ ದಿನ ರಜೆ ಎಂದು ಹೊಂದಿಸುವುದು, ಇಂಥವು. ಒಂದೇ ಸಲಕ್ಕೆ ನಾಲ್ಕು ಕೆಲಸ ಬಿಟ್ಟುಕೊಡಬೇಡಿ. ಚೆಕ್‌ಗೆ ಸಹಿ ಹಾಕುವುದು ನಿಮ್ಮ ಹತ್ತಿರವೇ ಇರಲಿ. ಇನ್ನೊಂದು ಮಾತು: ಹಣ ತೆಗೆದುಕೊಳ್ಳುವವರೂ ಅದನ್ನು ಬ್ಯಾಂಕ್ ಲೆಕ್ಕದ ಜೊತೆ ತಾಳೆ ನೋಡುವವರೂ ಒಬ್ಬರೇ ಆಗಬಾರದು. ಎಷ್ಟೇ ನಂಬಿಕಸ್ಥರಿದ್ದರೂ ಸರಿಯೇ. ಇದು ಅನುಮಾನದ ಮಾತಲ್ಲ, ನಾಳೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಪ್ರಾಮಾಣಿಕರನ್ನು ಕಾಪಾಡುವುದೇ ಈ ನಿಯಮ.

3. ವ್ಯಕ್ತಿಯನ್ನು ಆರಿಸಿ

ಎಷ್ಟು ವರ್ಷದಿಂದ ಇದ್ದಾರೆ ಎಂದು ನೋಡಬೇಡಿ. 'ಈ ಕೆಲಸದಲ್ಲಿ ಎಲ್ಲಿ ತೊಂದರೆ ಆಗ್ತಿದೆ?' ಎಂದು ಇಬ್ಬರು ಮೂವರನ್ನು ಕೇಳಿ. ಯಾರ ಉತ್ತರದಲ್ಲಿ ಜಾಗ, ಸಮಯ, ವಸ್ತುವಿನ ಹೆಸರು ಬರುತ್ತದೋ ಅವರೇ ಸರಿ. ಅವರಿಗೆ ಮನಸ್ಸಿದೆಯಾ ಎಂದೂ ಕೇಳಿ.

4. ಒಂದು ಹಾಳೆ ಬರೆಯಿರಿ

ಒಂದೇ ಹಾಳೆ. ಅದರಲ್ಲಿ ಮೂರು ವಿಷಯ: ಕೊನೆಗೆ ಏನಾಗಬೇಕು, ಎಲ್ಲಿಯವರೆಗೆ ಅವರದೇ ತೀರ್ಮಾನ, ಯಾವಾಗ ನಿಮ್ಮನ್ನು ಕೇಳಬೇಕು. ಎರಡನೆಯದನ್ನು ಅಂಕಿಯಲ್ಲೇ ಬರೆಯಿರಿ. 'ನೋಡ್ಕೊಂಡು ಮಾಡಿ' ಎಂಬುದು ಮಿತಿಯಲ್ಲ. ಅದರಿಂದ ಹೆದರುವವರು ಏನೂ ಮಾಡುವುದಿಲ್ಲ, ಹೆದರದವರು ಏನು ಬೇಕಾದರೂ ಮಾಡುತ್ತಾರೆ. ರಿಟ್ಜ್-ಕಾರ್ಲ್‌ಟನ್ ಹೋಟೆಲ್‌ನ ನಿಯಮ ತುಂಬಾ ಹೆಸರಾಗಿದೆ. ಅತಿಥಿಯ ತೊಂದರೆ ಸರಿಮಾಡಲು ಅಲ್ಲಿನ ಉದ್ಯೋಗಿ ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ನಿಮ್ಮ ಮಿತಿ ಎಷ್ಟೇ ಚಿಕ್ಕದಿರಲಿ, ಹೀಗೆ ಒಂದು ಸಂಖ್ಯೆಯಾಗಿರಲಿ.

ರಿಯಾಯಿತಿಯ ಮಿತಿ ಹಾಕುವ ಮುಂಚೆ ಒಂದು ಲೆಕ್ಕ ಮಾಡಿ. 80ಕ್ಕೆ ತಂದದ್ದನ್ನು 100ಕ್ಕೆ ಮಾರಿದರೆ ಉಳಿಯುವುದು 20. ಶೇ 10 ರಿಯಾಯಿತಿ ಕೊಟ್ಟರೆ ಉಳಿಯುವುದು 10. ಮೊದಲಿನಷ್ಟೇ ಲಾಭ ಬೇಕಾದರೆ ಎರಡು ಪಟ್ಟು ಮಾಲು ಮಾರಬೇಕು. ಈ ಲೆಕ್ಕವನ್ನು ಸಿಬ್ಬಂದಿಗೂ ತೋರಿಸಿ. 'ಜಾಸ್ತಿ ಬಿಡಬೇಡಿ' ಎಂದು ನೂರು ಸಲ ಹೇಳುವುದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ.

ಬರೆಯುವುದು ದಂಡ ಎನ್ನುವವರಿಗೆ ಒಂದು ಘಟನೆ ಹೇಳಬೇಕು. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದುಹೋಯಿತು. ನಡೆಸುತ್ತಿದ್ದವರು ನುರಿತ ಪೈಲಟ್. ವಿಮಾನ ನಿಂತಿದ್ದಾಗ ಬಾಲದ ಭಾಗ ಗಾಳಿಗೆ ಅಲ್ಲಾಡದಂತೆ ಹಾಕುವ ಲಾಕನ್ನು ತೆಗೆದಿರಲಿಲ್ಲ. ಆಮೇಲೆ ಆ ವಿಮಾನದ ಪೈಲಟ್‌ಗಳು ಹಾರುವ ಮುಂಚೆ ಪಟ್ಟಿ ನೋಡಿಕೊಳ್ಳುವ ಪದ್ಧತಿ ತಂದರು. ತಿಳಿದವರಿಗೂ ಹಾಳೆ ಬೇಕು.

5. ಕೈಗೆ ಒಪ್ಪಿಸಿ

ಕೆಲಸ ಕೆಡುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗಿ. ಬಹಳಷ್ಟು ಜನ ಹಾಳೆ ಕೈಗಿಟ್ಟು 'ಇನ್ಮೇಲೆ ನೀವೇ ನೋಡ್ಕೊಳ್ಳಿ' ಅಂದುಬಿಡುತ್ತಾರೆ. ಕೆಲವು ದಿನ ಆದಮೇಲೆ ಏನೋ ಎಡವಟ್ಟಾಗುತ್ತದೆ, ಕೆಲಸವನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. ಅದಾದ ಮೇಲೆ ಆ ವ್ಯಕ್ತಿ ಯಾವತ್ತೂ ಸ್ವಂತ ತೀರ್ಮಾನಕ್ಕೆ ಕೈ ಹಾಕುವುದಿಲ್ಲ.

ಮೊದಲು ನೀವು ಮಾಡಿ, ಅವರು ಪಕ್ಕದಲ್ಲಿರಲಿ. ಮಾಡಿ ತೋರಿಸಿದರಷ್ಟೇ ಸಾಲದು. ತಲೆಯಲ್ಲಿ ಓಡುತ್ತಿರುವುದನ್ನೂ ಬಾಯಿಬಿಟ್ಟು ಹೇಳಿ. ಯಾರೋ ಮಾಲು ವಾಪಸ್ ತಂದರು ಎನ್ನಿ: 'ಬಿಲ್ ತಂದಿಲ್ಲ. ಆದರೆ ಡಬ್ಬದ ಮೇಲೆ ನಮ್ಮ ಸ್ಟಿಕ್ಕರ್ ಇದೆ, ಸೀಲ್ ಒಡೆದಿಲ್ಲ. ಅದಕ್ಕೇ ಬದಲಾಯಿಸಿ ಕೊಟ್ಟೆ.' ಇಷ್ಟು ವರ್ಷ ನೀವು ಬದಲಾಯಿಸಿ ಕೊಟ್ಟದ್ದನ್ನು ಅವರು ನೋಡಿದ್ದಾರೆ, ಯಾಕೆ ಕೊಟ್ಟಿರಿ ಎಂದು ಕೇಳಿಸಿಕೊಂಡಿಲ್ಲ.

ಮುಂದಿನ ಸಲ ಅವರು ಮಾಡಲಿ, ನೀವು ಸುಮ್ನಿರಿ. ಇದೇ ಕಷ್ಟ. ಗಿರಾಕಿ ದನಿ ಏರಿಸುತ್ತಾರೆ, 'ಓನರ್‌ನ ಕರೀರಿ' ಅನ್ನುತ್ತಾರೆ. ಕೌಂಟರ್‌ನಲ್ಲಿರುವವರು ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಹಿಂದೆ ತಿರುಗಿ ನಿಮ್ಮನ್ನು ನೋಡುತ್ತಾರೆ. ಆಗ 'ಬಿಡಿ, ನಾನು ನೋಡ್ತೀನಿ' ಎಂದು ಮುಂದೆ ಬಂದಿರೋ, ಅಲ್ಲಿಗೆ ಮುಗಿಯಿತು. ಇನ್ಮುಂದೆ ಯಾರ ಹತ್ತಿರ ಮಾತಾಡಬೇಕು ಎಂದು ಗಿರಾಕಿಗೂ ಗೊತ್ತಾಯಿತು, ಕೌಂಟರ್‌ನಲ್ಲಿರುವವರಿಗೂ ಗೊತ್ತಾಯಿತು. ಬದಲಿಗೆ ಗಿರಾಕಿಗೆ ಸಮಾಧಾನವಾಗಿ ಹೇಳಿ: 'ಈ ವಿಷಯ ಇವರೇ ನೋಡ್ಕೊಳ್ಳೋದು. ಇವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ.' ಹೇಳಿ ಆ ಜಾಗದಿಂದ ಆಚೆ ಹೋಗಿ. ನೀವು ಕೊಡುತ್ತಿದ್ದುದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ಮಿತಿಯೊಳಗಿದ್ದರೆ ಅದನ್ನು ನಡೆಸಿಕೊಡಿ. ಎಲ್ಲರೆದುರು ತಿದ್ದಬೇಡಿ.

ಆಮೇಲೆ ನೀವಿಲ್ಲದ ಹೊತ್ತಿನಲ್ಲಿ ಅವರೊಬ್ಬರೇ ಮಾಡಲಿ. ಏನು ಬಂತು, ಏನು ತೀರ್ಮಾನ ಮಾಡಿದರು, ಯಾಕೆ ಎಂದು ದಿನದ ಕೊನೆಗೆ ಕೇಳಿ. ಇದು ಸರಿಯಾಗಿ ನಡೆದ ಮೇಲೆ ಉಳಿದ ಸಿಬ್ಬಂದಿಗೆ, ಸಪ್ಲೈಯರ್‌ಗಳಿಗೆ, ಖಾಯಂ ಗಿರಾಕಿಗಳಿಗೆ ನೀವೇ ತಿಳಿಸಿ. ಎಷ್ಟೋ ಕಡೆ ಈ ಕೆಲಸ ಬಿಟ್ಟುಹೋಗುತ್ತದೆ. ಹೊರಗಿನವರು ಹಳೆ ಅಭ್ಯಾಸದಂತೆ ನಿಮಗೇ ಫೋನ್ ಮಾಡುತ್ತಾರೆ, ನೀವೂ ಉತ್ತರ ಕೊಡುತ್ತೀರಿ, ಕೊಟ್ಟ ಅಧಿಕಾರ ಹಾಳೆಯಲ್ಲೇ ಉಳಿಯುತ್ತದೆ.

ಅವರು ಮತ್ತೆ 'ಏನು ಮಾಡ್ಲಿ?' ಎಂದು ಬಂದರೆ ಉತ್ತರ ಕೊಡಬೇಡಿ. 'ನಿಮಗೇನನ್ನಿಸುತ್ತೆ?' ಎಂದು ಕೇಳಿ ಕಾಯಿರಿ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರಬೇಕಾಗುತ್ತದೆ, ಇರಿ. ಅವರು ಹೇಳಿದ ದಾರಿ ನಿಮ್ಮದಕ್ಕಿಂತ ಬೇರೆಯಾಗಿದ್ದರೂ ಅದರಿಂದ ಕೆಲಸ ಆಗುವುದಾದರೆ 'ಸರಿ, ಹಾಗೇ ಮಾಡಿ' ಎನ್ನಿ.

ಮೊದಲ ತಪ್ಪು ಬಂದೇ ಬರುತ್ತದೆ. ಆಗ ಹಾಳೆ ತೆಗೆದಿಟ್ಟುಕೊಂಡು ಇಬ್ಬರೇ ಕೂರಿ. ಏನಾಯಿತು? ಹಾಳೆಯಲ್ಲಿ ಏನಿದೆ? ಬಹಳ ಸಲ ಆ ಸಂದರ್ಭಕ್ಕೆ ಹಾಳೆಯಲ್ಲಿ ಸಾಲೇ ಇರುವುದಿಲ್ಲ. ಆ ಸಾಲು ಸೇರಿಸಿ, ಕೆಲಸ ಅವರ ಹತ್ತಿರವೇ ಬಿಡಿ. ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಸಹಾಯ ಕರೆಯಬಹುದು, ಸರಿಹೋಗದಿದ್ದರೆ ಕಾರು ಜೋಡಿಸುವ ಲೈನೇ ನಿಲ್ಲುತ್ತದೆ. ತಪ್ಪು ಅಲ್ಲೇ ಗೊತ್ತಾದರೆ ಖರ್ಚು ಕಮ್ಮಿ. ಬೈಗುಳ ತಿಂದವರು ಮುಂದಿನ ತಪ್ಪನ್ನು ಮುಚ್ಚಿಡುತ್ತಾರೆ, ಅದು ನಿಮಗೆ ಗೊತ್ತಾಗುವ ಹೊತ್ತಿಗೆ ಗಿರಾಕಿ ಹೋಗಿಯಾಗಿರುತ್ತದೆ. ಆದರೆ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಅದೇ ತಪ್ಪು ಮತ್ತೆ ಮತ್ತೆ ಆದರೆ ವ್ಯಕ್ತಿಯನ್ನು ಬದಲಾಯಿಸಿ, ಹಿಂಜರಿಯಬೇಡಿ.

6. ವಾರಕ್ಕೊಮ್ಮೆ ನೋಡಿ

ವಾರಕ್ಕೊಮ್ಮೆ ಕಾಲು ಗಂಟೆ ಸಾಕು. ಎರಡೇ ಅಂಕಿ ನೋಡಿ, ಉದಾಹರಣೆಗೆ ಎಷ್ಟು ಮಾಲು ವಾಪಸ್ ಬಂತು, ಅದಕ್ಕೆ ಎಷ್ಟು ಖರ್ಚಾಯಿತು. ಇದಕ್ಕಾಗಿ ದುಡ್ಡು ಕೊಟ್ಟು ಆ್ಯಪ್ ತೆಗೆದುಕೊಳ್ಳಬೇಡಿ. ನಾಲ್ಕೈದು ಜನರಿರುವ ಕಡೆ ಆ್ಯಪ್ ತುಂಬುವುದೇ ಇನ್ನೊಂದು ಕೆಲಸವಾಗುತ್ತದೆ. ಗೋಡೆಯ ಮೇಲೊಂದು ಬೋರ್ಡ್ ಸಾಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗಂಟೆಗೊಮ್ಮೆ ಫೋಟೊ ಕೇಳುವುದೂ ಬೇಡ. ಮನೆಯಲ್ಲಿ ಕೂತು ಸಿಸಿಟಿವಿ ನೋಡುತ್ತಾ ಫೋನಿನಲ್ಲಿ ತಿದ್ದುವುದಂತೂ ಬೇಡವೇ ಬೇಡ. ಅದು ಕಳ್ಳತನ ತಡೆಯಲು ಇರುವ ಸಾಧನ, ಜನರನ್ನು ನಡೆಸಲು ಅಲ್ಲ.

7. ಸಂಬಳ ನೋಡಿ

ತೀರ್ಮಾನದ ಹೊರೆ ಹೊತ್ತವರಿಗೆ ಹಳೆಯ ಸಂಬಳವನ್ನೇ ಕೊಡುತ್ತಾ ಹೋಗುವುದು ಸರಿಯಲ್ಲ. ಇಂತಿಷ್ಟು ತಿಂಗಳು ಚೆನ್ನಾಗಿ ನಡೆದರೆ ಇಷ್ಟು ಏರಿಸುತ್ತೇನೆ ಎಂದು ಮೊದಲ ದಿನವೇ ಹೇಳಿ, ಹಾಳೆಯ ಕೆಳಗೆ ದಿನಾಂಕದ ಸಮೇತ ಬರೆಯಿರಿ. ಆ ದಿನ ಬಂದಾಗ ಅವರು ಕೇಳುವ ಮುಂಚೆ ನೀವೇ ಕರೆದು ಕೊಡಿ.